ಸಂಜೆಯನ್ನು ಬಳಿದ ಕೈ

ಗಂಡ ತೀರಿಕೊಂಡಾಗ ಅವನು ಬಿಡಿಸುತ್ತಿದ್ದ ಚಿತ್ರದ ಚರ್ಚು ಬರೀ ಬೂದು ಬಣ್ಣದಲ್ಲಿತ್ತು. ಕಂಬ, ಕಮಾನು, ಗೋಪುರ ಎಲ್ಲ ಪಟ್ಟಿ ಹಿಡಿದು ಎಳೆದಷ್ಟು ನಿಖರ. ಬೆಳಕು ಮಾತ್ರ ಇರಲಿಲ್ಲ. ಕೆಲವು ವಾರ ತವರಿನಲ್ಲಿದ್ದು ಬಂದು ಅವನ ಕೆಲಸದ ಕೋಣೆಯ ಬಾಗಿಲು ತೆಗೆದರೆ, ಅದೇ ಚರ್ಚಿನ ಮೇಲೆ ಸಂಜೆ ಬಿದ್ದಿತ್ತು. ಕಲ್ಲಿಗೆಲ್ಲ ಜೇನು ಸವರಿದ ಹಾಗೆ. ಬೆರಳಿಟ್ಟು ನೋಡಿದಳು. ಹಸಿ.

ಕೋಣೆಯ ಇನ್ನೊಂದು ಬೀಗದಕೈ ಇದ್ದದ್ದು ಮೈದುನನ ಹತ್ತಿರ. ಅಂಗಡಿಗಳಿಗೆ ಬೋರ್ಡು ಬರೆಯುವವನು. ನಾಳೆ ಪ್ರದರ್ಶನದವರು ಬಂದು ಚಿತ್ರವನ್ನು ಒಯ್ಯುವವರಿದ್ದರು, ಗಂಡನ ಕೊನೆಯ ಕೃತಿಯೆಂದು. ಮೈದುನನನ್ನು ಕರೆಸಿದಳು.

"ಏನಪ್ಪಾ, ಅಣ್ಣ ಕಣ್ಮುಚ್ಚಿದ್ದೇ ತಡ, ಅವರ ಕುಂಚಕ್ಕೆ ಕೈ ಹಾಕಿದೆಯಾ?"

"ಅರ್ಧಂಬರ್ಧ ಚಿತ್ರ ಹೇಗೆ ಕಳಿಸೋದು ಅತ್ತಿಗೆ?"

"ಹಾಗಾದ್ರೆ ಕೆಳಗೆ 'ಇಲ್ಲಿ ತಾಜಾ ಬಿಸಿಲು ಸಿಗುತ್ತದೆ' ಅಂತಲೂ ಬರೆದುಬಿಡು."

ಎಲ್ಲದಕ್ಕೂ ಹಲ್ಲು ಕಿರಿಯುವವನು ಇವತ್ತು ನಗಲಿಲ್ಲ. ಅನುಮಾನ ಇನ್ನಷ್ಟು ಬಲವಾಯಿತು.

"ಹಳೇ ಚಿತ್ರಗಳಿಗೂ ನಾನೇ ಬಣ್ಣ ಹಚ್ಚಿದ್ದು," ಎಂದ, ನೆಲ ನೋಡುತ್ತ. "ಅಣ್ಣನಿಗೆ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗ್ತಿರಲಿಲ್ಲ. ಹುಟ್ಟಿದಾಗಿಂದ. ನಿಮಗಂತೂ ಹೇಳಲೇಬೇಡ ಅಂದಿದ್ದ."

ಎಷ್ಟು ಅನುಕೂಲದ ಮಾತು! ಅಲ್ಲವೆನ್ನಲು ಗಂಡನೇ ಇಲ್ಲ. ಬಣ್ಣ ಹಚ್ಚುವಾಗ ಆತ ಚಿಲಕ ಹಾಕಿಕೊಳ್ಳುತ್ತಿದ್ದದ್ದು ನಿಜ, ಕುಂಚ ತೊಳೆಯಲೆಂದು ತಮ್ಮನೊಬ್ಬನನ್ನೇ ಒಳಗೆ ಬಿಡುತ್ತಿದ್ದದ್ದೂ ನಿಜ. ಟೊಮೆಟೊ ಕಾಯಿ ತಂದು, ಹಣ್ಣೇ ಎಂದು ವಾದಿಸಿದ್ದೂ ಉಂಟು. ಆದರೂ ಮನಸ್ಸು ಒಪ್ಪಲಿಲ್ಲ.

ಬಣ್ಣದ ಚೂರಿ ತೆಗೆದುಕೊಂಡು ಒಂದು ಕಿಟಕಿಯ ಕಮಾನಿನ ಮೇಲಿದ್ದ ಬಿಸಿಲನ್ನು ಕೆರೆದುಬಿಟ್ಟಳು. ಬೂದು ಕಲ್ಲು ಹೊರಬಂತು.

"ಅಯ್ಯೋ!"

"ಈಗ ಬಳಿ. ನನ್ನ ಕಣ್ಣೆದುರೇ."

ಅವನು ಅಂಗಿಯ ತೋಳು ಮಡಚಿಕೊಂಡು ಕೂತ. ಮೊದಲು ನೆರಳಿನ ಅಂಚಿಗೆ ಕೂದಲೆಳೆಯಷ್ಟು ಕೆಂಪು. ಅದರ ಮೇಲೆ ಹಳದಿ, ಒರೆಸಿ ಮತ್ತೆ ಹಳದಿ. ಕಲ್ಲು ಬೆಚ್ಚಗಾಯಿತು. ಅವಳು ಎದುರು ಗೋಡೆ ನೋಡಿದಳು. ಮದುವೆಯಲ್ಲಿ ಗಂಡ ಕೊಟ್ಟ ಚಿತ್ರ ಅಲ್ಲಿ ತೂಗುತ್ತಿತ್ತು. ಅದರ ನೆರಳುಗಳ ಅಂಚಿನಲ್ಲೂ ಅದೇ ಕೆಂಪು ಎಳೆ.

"ಅವರು ನನಗೆ ಕೊಟ್ಟ ಕೆಂಪು ಶಾಲು ಆರಿಸಿದ್ದೂ ನೀನೇನಾ?"

"ಅಲ್ಲ ಅತ್ತಿಗೆ. ಅಂಗಡಿಯವಳನ್ನ ಕೇಳಿ ತಂದಿದ್ದ."

ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಆ ಶಾಲು ನಿನಗೆ ಎಷ್ಟು ಒಪ್ಪುತ್ತದೆ ಎಂದು ಗಂಡ ಎಷ್ಟು ಸಲ ಹೇಳಿದ್ದ!

"ಹೆಸರು ಹಾಕು."

ಅಣ್ಣನ ಹೆಸರು ಬರೆದು ಕುಂಚ ಎತ್ತಿದ.

"ನಿನ್ನದು?"

"ಬೇಡ. ಅಣ್ಣನ ಮಾನ ಹೋಗುತ್ತೆ."

"ಹೋದ್ರೆ ಹೋಗಲಿ. ಬರಿ."

ಬೋರ್ಡಿಗೆ ದಪ್ಪಕ್ಷರ ಬರೆಯುವವನು ಅಣ್ಣನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ತನ್ನದನ್ನೂ ಬರೆದ. ಕೊನೆಯ ಅಕ್ಷರ ಮುಗಿದ ಮೇಲೂ ಅವಳು ಅಲ್ಲಿಂದ ಕದಲಲಿಲ್ಲ. ಬಣ್ಣ ಇನ್ನೂ ಹಸಿ. ತಾನು ಆಚೆ ಹೋದರೆ ಅವನು ಆ ಹೆಸರು ಒರೆಸಿಬಿಟ್ಟಾನೆಂಬ ಗುಮಾನಿ.