ಕಿತ್ತಳೆ ಕೇಕಿನ ಮೀಸಲು

ನನ್ನ ಅಣ್ಣನ ಹೆಂಡತಿ ನರ್ಮದಾ ವೈನಿ ತೀರಿಕೊಂಡ ಹತ್ತನೆಯ ದಿನ ಮಲಪ್ರಭೆಯ ದಂಡೆಯಲ್ಲಿ ಕಾಗೆ ಪಿಂಡ ಮುಟ್ಟಲಿಲ್ಲ.

ಹೆಂಗಸರು ಆ ದಂಡೆಗೆ ಹೋಗುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಆದರೆ ಹೊತ್ತು ಏರಿದರೂ ಕಾಗೆಗಳು ಜಾಲಿಗಿಡದಿಂದ ಇಳಿಯದಿದ್ದಾಗ ಆಚಾರ್ಯರು ಹೇಳಿ ಕಳಿಸಿ ನನ್ನನ್ನು ಕರೆಸಿದರು. ಕಾಮಾಲೆಯಲ್ಲಿ ಮಲಗಿದ ವೈನಿಯ ಬಾಯಿಗೆ ಕಡೆಯ ನೀರು ಹಾಕಿದವಳು ನಾನು. ಅವಳ ಯಾವ ಆಸೆ ಉಳಿದಿದೆ ಎಂಬುದು ಗೊತ್ತಿದ್ದರೆ ನನಗೇ ಗೊತ್ತಿರಬೇಕು. ಸತ್ತವರ ಆಸೆ ಉಳಿದರೆ ಕಾಗೆ ಅನ್ನ ಮುಟ್ಟುವುದಿಲ್ಲ. ಉಳಿದವರು ಒಬ್ಬೊಬ್ಬರಾಗಿ ಕೈಮುಗಿದು ಮಾತು ಕೊಡುತ್ತ ಹೋಗಬೇಕು. ಸರಿಯಾದ ಮಾತಿಗೆ ಕಾಗೆ ಇಳಿಯುತ್ತದೆ.

ನಾನು ಹೋಗುವಷ್ಟರಲ್ಲಿ ರಘೋತ್ತಮ ಅಣ್ಣ ಎಲ್ಲ ಮಾತುಗಳನ್ನೂ ಕೊಟ್ಟು ಮುಗಿಸಿದ್ದ. ಮಗಳು ವಾರಿಜಾಗೆ ಮಲತಾಯಿಯನ್ನು ತರುವುದಿಲ್ಲ ಎಂದಿದ್ದ. ಹೆಂಡತಿಯ ಪಾಟ್ಲಿ ಬಳೆಗಳನ್ನು ಮಗಳಿಗೇ ಇಡುತ್ತೇನೆ ಎಂದಿದ್ದ. ಕಾಗೆ ರೆಕ್ಕೆಯೊಳಗೆ ಕೊಕ್ಕಿಟ್ಟು ಹೇನು ಹೆಕ್ಕಿಕೊಳ್ಳುತ್ತಿತ್ತು. ಆಚಾರ್ಯರು ಬೇರೆ ದಾರಿ ಕಾಣದೆ ದರ್ಭೆಯಲ್ಲಿ ಕಾಗೆ ಹೆಣೆಯಲು ಶುರುಮಾಡಿದ್ದರು. ಅದರಿಂದ ಮುಟ್ಟಿಸಿದರೆ ಶಾಸ್ತ್ರ ಮುಗಿಯುತ್ತದೆ, ಮನಸ್ಸು ಮುಗಿಯುವುದಿಲ್ಲ.

ನನ್ನ ಬಾಯಿಂದ ಅದು ಹೇಗೆ ಬಂತೋ. "ವೈನಿ, ವಾರಿಜಾನ ಹುಟ್ಟಿದ ದಿವಸಕ್ಕ ಕಿತ್ತಳಿ ಕೇಕ್ ನಾ ಮಾಡತೇನಿ. ಮ್ಯಾಲೆ ಚಾಕಲೇಟ್ ಹಚ್ಚಿ, ನೀ ಮಾಡಿದ್ಹಾಂಗ."

ಮಾತು ಮುಗಿಯುವ ಮೊದಲೇ ಕಾಗೆ ಅನ್ನದ ಮೇಲಿತ್ತು.

"ಕೇಕ್ ಅಂದರ ಏನೋ, ರಘೋತ್ತಮ?" ಎಂದು ಆಚಾರ್ಯರು ಮೆಲ್ಲಗೆ ಕೇಳಿದರು. ಅಣ್ಣ ತನ್ನ ಮಾತುಗಳೆಲ್ಲ ಹೊಳೆಯಲ್ಲಿ ತೇಲಿಹೋದವನಂತೆ ನನ್ನನ್ನೇ ನೋಡುತ್ತಿದ್ದ.

ವೈನಿಯ ತಂದೆ ರೈಲಿನ ನೌಕರಿಯಲ್ಲಿದ್ದವರು. ನಿವೃತ್ತರಾಗಿ ಕಿತ್ತೂರಿಗೆ ಬರುವ ಮುಂಚೆ ಲೋಂಡಾದ ರೈಲು ಚಾಳಿನಲ್ಲಿದ್ದರು. ಅಲ್ಲಿ ಪಕ್ಕದ ಮನೆಯ ಎಂಜಿನ್ ಡ್ರೈವರನ ಹೆಂಡತಿ ವೈನಿಗೆ ಕೇಕು ಕಲಿಸಿದ್ದಳು. ಮದುವೆಯಾಗಿ ರಾಮದುರ್ಗದ ನಮ್ಮ ಮನೆಗೆ ಬಂದಾಗ ಅವಳ ಟ್ರಂಕಿನಲ್ಲಿ ರೇಶ್ಮೆ ಸೀರೆಗಳ ನಡುವೆ ಒಂದು ಗುಂಡನೆಯ ತಗಡಿನ ಡಬ್ಬಿಯಿತ್ತು, ಕೋಕೋ ಪುಡಿಯ ವಾಸನೆಯಿತ್ತು. ನಮ್ಮ ತಂದೆಯ ತಾಯಿ ಗಂಗೂಬಾಯಿ ಅಜ್ಜಿಯ ಅಡಿಗೆಮನೆಗೆ ಅವೆರಡಕ್ಕೂ ಪ್ರವೇಶವಿರಲಿಲ್ಲ. ಹೀಗಾಗಿ ವೈನಿ ಹಿತ್ತಲಲ್ಲಿ, ಕರಿಬೇವಿನ ಗಿಡದ ಕೆಳಗೆ ಮೂರು ಕಲ್ಲು ಹೂಡಿ, ದೊಡ್ಡ ಪಾತೇಲಿಯಲ್ಲಿ ಉಸುಕು ಹಾಕಿ, ಅದರ ಮೇಲೆ ಡಬ್ಬಿ ಇಟ್ಟು ಮುಚ್ಚುತ್ತಿದ್ದಳು. ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ತತ್ತಿಯ ಬದಲು ಮೊಸರು, ಸೋಡಾ.

"ಬೇಯಿಸೂದೂ ಅಲ್ಲ, ಕರಿಯೂದೂ ಅಲ್ಲ. ಹಿಂಗ ಮ್ಯಾಲ ಕೆಳಗ ಬೆಂಕಿ ಇಟ್ಟು ಸುಡೂದು ಅಡಿಗಿ ಹ್ಯಾಂಗ ಆಗತದವಾ?" ಎಂದು ಅಜ್ಜಿ ಬಾಗಿಲಲ್ಲೇ ನಿಂತು ಅನ್ನುತ್ತಿದ್ದಳು.

"ಸೊಸಿ ಬಾಳೂ ಹಂಗ ಅದ ಅಲ್ಲರಿ, ಅಜ್ಜಿ?" ಎಂದು ವೈನಿ ನಗುತ್ತಿದ್ದಳು. ಅಜ್ಜಿಯೂ ಸೆರಗಿನಲ್ಲಿ ನಗುತ್ತಿದ್ದಳು.

ನಾನು ಪ್ರತಿ ವರ್ಷ ಪಕ್ಕದಲ್ಲೇ ಕುಳಿತಿರುತ್ತಿದ್ದೆ. ಆದರೆ ವೈನಿಯ ಕೈ ನೋಡಬೇಕಾದ ಹೊತ್ತಿನಲ್ಲಿ ನಾನು ಕೆಂಡದೊಳಗೆ ಕೋಟೆ ಕೊತ್ತಲಗಳನ್ನು ನೋಡುತ್ತಿದ್ದೆ. ಅಜ್ಜಿ ಹೇಳಿದ ಕಥೆಗಳ ರಾಣಿಯರು ಅಲ್ಲಿ ಓಡಾಡುತ್ತಿದ್ದರು. ಕಾಗೆಗೆ ಮಾತು ಕೊಟ್ಟು ಮನೆಗೆ ಬಂದ ಮೇಲಷ್ಟೇ ತಿಳಿಯಿತು: ನನಗೆ ಗೊತ್ತಿರುವುದು ಆ ಕೇಕಿನ ವಾಸನೆ ಮಾತ್ರ.

ಇದೆಲ್ಲಕ್ಕಿಂತ ನಮ್ಮನ್ನು ಹೆದರಿಸಿದ್ದು ವಾರಿಜಾ. ಐದಕ್ಕೆ ಕಾಲಿಡಲಿದ್ದ ಕೂಸು ತಾಯಿಗಾಗಿ ಒಮ್ಮೆಯೂ ಅಳಲಿಲ್ಲ. ಅವ್ವ ಎಲ್ಲಿ ಎಂದು ಕೇಳಲಿಲ್ಲ. ಕೊಟ್ಟ ಭಕ್ಕರಿಯಲ್ಲಿ ಅರ್ಧ ತಿಂದು ಉಳಿದರ್ಧವನ್ನು ಪಕ್ಕದಲ್ಲಿಡುತ್ತಿದ್ದಳು. ಹಿತ್ತಲ ಕಟ್ಟೆಯ ಮೇಲೆ ಕುಳಿತಾಗ ಸ್ವಲ್ಪ ಸರಿದು ಕೂಡುತ್ತಿದ್ದಳು, ಇನ್ನೊಬ್ಬರಿಗೆ ಜಾಗ ಬಿಟ್ಟವಳಂತೆ. ದಸರೆ ಬರುವ ಹೊತ್ತಿಗೆ ಅವಳ ತೋಳು ಚಪಾತಿ ಲಟ್ಟಿಸುವ ಲತ್ತಗುಣಿಯಂತೆ ತೆಳ್ಳಗಾಗಿತ್ತು.

ಅಜ್ಜಿ ಒಂದು ಸಂಜೆ ಬತ್ತಿ ಹೊಸೆಯುತ್ತ ಹೂಲಿಯ ಕಥೆ ಹೇಳಿದಳು. ಅಲ್ಲಿ ಹಾಳು ಗುಡಿಯ ಹಿಂದಿನ ಮನೆಯಲ್ಲಿ ತಾಯಿ ಸತ್ತ ಒಂದು ಹುಡುಗಿ ಇತ್ತಂತೆ. ಯಾರೂ ಬಾಚದೆಯೇ ಅದರ ತಲೆಗೂದಲು ದಿನಾ ಎಣ್ಣೆ ಹಚ್ಚಿ ಹೆಣೆದಿರುತ್ತಿತ್ತಂತೆ. ಮನೆಯವರು, ಹೋಗಲಿ ಬಿಡು, ನಮ್ಮ ಕೆಲಸ ತಪ್ಪಿತು ಎಂದು ಸುಮ್ಮನಿದ್ದರಂತೆ.

"ಆಮ್ಯಾಲೆ?"

"ಆಮ್ಯಾಲೇನು. ಒಂದು ಮುಂಜಾನೆ ಹಾಸಿಗಿ ಮ್ಯಾಲ ಹೆರಳಷ್ಟೇ ಇತ್ತು." ಅಜ್ಜಿ ಬತ್ತಿಯನ್ನು ಎಣ್ಣೆಗೆ ಅದ್ದಿದಳು. "ಅಂಬೂ, ಆ ಮಾತು ತೀರಸು. ನರ್ಮದಾ ಕೆಟ್ಟಾಕಿ ಅಲ್ಲ. ಆದರ ಕಾಯೂದು ಭಾಳ ಆದರ ಒಳ್ಳೆಯಾಕೀನೂ ಬರಿಗೈಲೆ ಹೋಗೂದಿಲ್ಲ."

ಕೇಕು ಮಾಡಲು ಮೊದಲು ಅಡ್ಡಿ ಮಾಡಿದವಳೂ ಅಜ್ಜಿಯೇ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಸಿಹಿಯಿಲ್ಲ, ಎಣ್ಣೆಯ ಬಾಣಲೆ ಇಡುವಂತಿಲ್ಲ. ಈಗ ಅವಳೇ ದಾರಿ ಹುಡುಕಿದಳು. ಇದು ಹುಟ್ಟುಹಬ್ಬದ ಸಿಹಿಯಲ್ಲ, ಸತ್ತವಳಿಗೆ ಕೊಟ್ಟ ಮಾತು. ಹಾಗಾದರೆ ಶ್ರಾದ್ಧದ ಅಡಿಗೆಯ ಹಾಗೆಯೇ ಆಗಬೇಕು. ನಾನು ಮಡಿಯುಟ್ಟು ಮಾಡಬೇಕು, ಯಾರೂ ನನ್ನನ್ನು ಮುಟ್ಟಬಾರದು. ಮೀಸಲು ಅಡಿಗೆಯಾದ್ದರಿಂದ ನಾಲಿಗೆಗೆ ಒಂದು ಹನಿ ಸೋಕಿಸಬಾರದು. ಮೊದಲ ತುಂಡು ಕಾಗೆಗೆ. ನನಗೂ ಅದೇ ಸರಿಯೆನ್ನಿಸಿತು. ಎಷ್ಟು ಕಟ್ಟುನಿಟ್ಟಾದರೆ ಅಷ್ಟು ಗಟ್ಟಿ.

ಮಾರ್ಗಶಿರದಲ್ಲಿ ನಾಗಪುರದ ಕಿತ್ತಳೆ ಪೇಟೆಗೆ ಬಂದವು. ಬೈಲಹೊಂಗಲದ ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅಣ್ಣ ರಜೆ ಹಾಕಿ, ಧೋತರದ ಗಂಟಿನಲ್ಲಿ ಹಣ್ಣು ಕಟ್ಟಿಕೊಂಡು ಬಸ್ಸಿಳಿದ. ಕೋಕೋ ಡಬ್ಬಿಯನ್ನು ಯಾರ ಕೈಲೋ ಬೆಳಗಾವಿಯಿಂದ ತರಿಸಿದ್ದ.

"ಇಷ್ಟು ಸಾಕೇನು, ಅಂಬೂ?"

"ಸಾಕಣ್ಣ."

"ಇನ್ನೇನರ ಬೇಕಾದರ ಹೇಳು. ಈಗ ಸವದತ್ತಿಗೆ ಹೋಗಂದರೂ ಹೋಗತೇನಿ." ಏನಾದರೂ ಮಾಡಲು ಸಿಕ್ಕರೆ ಸಾಕೆನ್ನುವಂತಿತ್ತು ಅವನ ಮುಖ.

ಹುಟ್ಟಿದ ದಿನ ಬೆಳಿಗ್ಗೆ ನಾನು ಮಿಂದು ಮಡಿ ಸೀರೆಯುಟ್ಟು ಹಿತ್ತಲಿಗೆ ಹೋದೆ. ಕಿತ್ತಳೆಯ ವಾಸನೆ ಸಿಪ್ಪೆಯಿಂದ ಬರುತ್ತದೆ ಎಂಬಷ್ಟು ಗೊತ್ತಿತ್ತು. ಗಜ್ಜರಿ ತುರಿಯುವ ಕಿಸಣಿಯಲ್ಲಿ ಸಿಪ್ಪೆಯನ್ನು ತುರಿದೆ, ಬಣ್ಣವಿದ್ದದ್ದು, ಬಿಳಿಯದು, ಎಲ್ಲ. ಬೆಣ್ಣೆ ಸಕ್ಕರೆ ಕಡೆದೆ, ಮೊಸರು ಮೈದಾ ಕಲಸಿದೆ, ರಸ ಹಿಂಡಿದೆ. ವಾರಿಜಾ ಬಾಗಿಲಿಗೆ ಬಂದು ನಿಂತಳು.

"ಮುಟ್ಟಬ್ಯಾಡ! ಮಡಿ ಅದೇನಿ."

ಅವಳು ನಿಂತಲ್ಲೇ ನಿಂತಳು. ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಬಲಗಡೆ, ಕರಿಬೇವಿನ ಬುಡವನ್ನು. ಆಮೇಲೆ ಹೊಸ್ತಿಲ ಒಂದು ಬದಿಗೆ ಒತ್ತಿ ನಿಂತಳು. ಒಳಗೆ ಹೋಗುವವರಿಗೆ ದಾರಿ ಬಿಡುವಾಗ ಹಾಗೆ ನಿಲ್ಲುತ್ತೇವೆ. ನಾನು ಆ ಕಡೆ ನೋಡದೆ ಡಬ್ಬಿಗೆ ಹಿಟ್ಟು ಸುರಿದು ಪಾತೇಲಿ ಮುಚ್ಚಿದೆ. ಕೆಂಡಗಳನ್ನು ಮುಚ್ಚಳದ ಮೇಲೆ ಹರವಿದೆ.

ಕೇಕು ಎದ್ದಿತು. ಅಂಚು ಕಂದು, ನಡುವೆ ಹೊಂಬಣ್ಣ. ಬೆಣ್ಣೆ, ಪುಡಿಸಕ್ಕರೆ, ಕೋಕೋ ಕಲಸಿ ಮೇಲೆ ಹಚ್ಚಿದಾಗ ಅದು ಥೇಟ್ ವೈನಿಯದೇ ಅನ್ನಿಸಿತು. ಅಣ್ಣ ನೋಡಿ ಕಣ್ಣೊರೆಸಿಕೊಂಡ. ಮೊದಲ ತುಂಡನ್ನು ಹಿತ್ತಲ ಗೋಡೆಯ ಮೇಲಿಟ್ಟು ನಾವು ದೂರ ಸರಿದೆವು.

ಕಾಗೆ ಬಂತು. ಒಮ್ಮೆ ಕುಕ್ಕಿತು. ತಲೆ ಝಾಡಿಸಿ ಕೊಕ್ಕಿನೊಳಗಿನದನ್ನು ಉಗುಳಿತು. ಕೊಕ್ಕನ್ನು ಕಲ್ಲಿಗೆ ಆ ಕಡೆ ಈ ಕಡೆ ತಿಕ್ಕಿ ಹಾರಿಹೋಯಿತು.

"ಒಲ್ಲೆ ಅಂದಳು," ಎಂದಳು ಅಜ್ಜಿ.

ನಾನು ಇನ್ನೊಂದು ತುಂಡನ್ನು ವಾರಿಜಾಗೆ ಕೊಟ್ಟೆ. ಅವಳು ಬಾಯಲ್ಲಿಟ್ಟುಕೊಂಡು ನಾಲಿಗೆಯಿಂದ ಅದನ್ನು ಹೊರಗೆ ದೂಡಿದಳು. ತಾಯಿಯೂ ಒಲ್ಲೆ, ಮಗಳೂ ಒಲ್ಲೆ. ಅಜ್ಜಿ ಗೋಡೆ ಹಿಡಿದು ಕುಳಿತಳು.

"ರಘೋತ್ತಮ, ಆಚಾರ್ಯರನ್ನ ಕರಕೊಂಬಾ. ನಾಳೆ ಕೂಸಿನ್ನ ಎಲ್ಲೆರ ದೂರ ಕಳಸೋಣು. ಕಿತ್ತೂರಿಗರೆ ಕಳಸೋಣು."

"ಅಲ್ಲಿಗೆ ಆಕಿ ಬರೂದಿಲ್ಲೇನು? ಆಕೀ ತೌರಮನಿ ಅದು." ಅಣ್ಣನ ದನಿಯಲ್ಲಿ ನಗುವಿತ್ತೋ ಅಳುವಿತ್ತೋ. "ಅಂದು ನನ್ನ ಮಾತು ನಂಬಲಿಲ್ಲ. ಇಂದು ನಿನ್ನದೂ ಹೋತು, ಅಂಬೂ."

ಅವರಿಬ್ಬರೂ ಪಡಸಾಲೆಗೆ ಹೋದರು. ನಾನು ಕೇಕಿನ ತಟ್ಟೆಯ ಮುಂದೆ ಕುಕ್ಕರಿಸಿದೆ. ವಾರಿಜಾ ನನ್ನಿಂದ ಒಂದು ಮಾರು ದೂರದಲ್ಲಿ ನಿಂತು ಕೇಳಿದಳು, "ಅತ್ಯಾ, ನೀ ತಿಂದಿಯೇನು?"

"ಇಲ್ಲ. ಮೀಸಲು ಅದು. ತಿನ್ನಬಾರದು."

"ಅವ್ವ ತಿಂತಿದ್ದಳಲಾ. ಮೊದಲ ನನಗ ನೆಕ್ಕಸತಿದ್ದಳು, ಆಮ್ಯಾಲೆ ತಾ ನೆಕ್ಕತಿದ್ದಳು."

ನಾನು ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡೆ. ಬೇವು. ಬೇವಿನ ತೊಗಟೆ. ಚಾಕಲೇಟಿನ ಸಿಹಿಯ ಕೆಳಗಿಂದ ಕಹಿ ಎದ್ದು ಗಂಟಲು ಹಿಡಿಯಿತು. ಬೆಳಗಿನಿಂದ ಇದನ್ನು ಹೊತ್ತು ಮೆರೆಸಿದ ಮೂವರಲ್ಲಿ ಒಬ್ಬರ ನಾಲಿಗೆಗೂ ಇದು ತಾಗಿರಲಿಲ್ಲ.

"ಕಹಿ ಅದ," ಎಂದೆ.

"ಹೂಂ," ಎಂದಳು ವಾರಿಜಾ, ದೊಡ್ಡವಳಂತೆ.

ಅವಳೇ ಬುಟ್ಟಿಯಿಂದ ಒಂದು ಹಣ್ಣು ತಂದಳು, ಸುಲಿಯದ್ದು. ಡಬ್ಬಿಯಿಂದ ಕಲ್ಲುಸಕ್ಕರೆಯ ಒಂದು ಹರಳು ತೆಗೆದು ಹಣ್ಣಿನ ಮೈಮೇಲೆ ಮೆತ್ತಗೆ ತಿಕ್ಕತೊಡಗಿದಳು. ಬಿಳಿಯ ಹರಳು ಹಳದಿಯಾಯಿತು, ತೇವವಾಯಿತು. ಹಿತ್ತಲಿನ ತುಂಬ ವೈನಿಯ ವಾಸನೆ ಎದ್ದಿತು. ಎಷ್ಟೋ ಸಲ ನನ್ನ ಕಣ್ಣ ಮುಂದೆಯೇ ನಡೆದಿದ್ದ ಆ ಕೆಲಸವನ್ನು ನಾನು ಅಂದೇ ಮೊದಲು ನೋಡಿದೆ.

"ಬಿಳೇದು ಬ್ಯಾಡಂತ. ಮ್ಯಾಲಿಂದಷ್ಟೇ ಬೇಕಂತ."

ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಅವಳು ಹೀಗೆ ಒಂದೊಂದಾಗಿ ತಿಕ್ಕಿಕೊಟ್ಟ ಹರಳುಗಳನ್ನು ಕುಟ್ಟಿದೆ. ಮೈದಾ ಅಳೆಯುವಾಗ ಅವಳು ಪಕ್ಕಕ್ಕೆ ಕತ್ತು ವಾಲಿಸಿ, ಮತ್ತೆ ನನ್ನ ಕಡೆ ತಿರುಗಿ, "ಸಾಕಂತ," ಎಂದಳು. ನಿಲ್ಲಿಸಿದೆ. ಕಡೆಯುವಾಗ ನನ್ನ ತೊಡೆಗೆ ಒರಗಿ ಸೆರಗು ಹಿಡಿದುಕೊಂಡಳು.

ಅಜ್ಜಿ ಬಾಗಿಲಿಂದ ಕೂಗಿದಳು. "ಅಯ್ಯ, ಮಡಿ ಹೋತಲ್ಲೇ!"

"ಹೋಗಲಿ ಬಿಡ, ಅಜ್ಜಿ."

ಅಜ್ಜಿ ಬಯ್ಯಲಿಲ್ಲ. ಕೂಸು ನನಗೆ ಆತುಕೊಂಡಿದ್ದನ್ನು ನೋಡುತ್ತ ನಿಂತಳು. ಅಷ್ಟು ತಿಂಗಳುಗಳಲ್ಲಿ ವಾರಿಜಾ ಯಾರಿಗೂ ಹಾಗೆ ಆತುಕೊಂಡಿರಲಿಲ್ಲ.

ಕೇಕು ಕೆಂಡಗಳ ನಡುವೆ ಇರುವಾಗ ಚಾಕಲೇಟು ಕಲಸಿದೆವು. ವಾರಿಜಾ ಬೆರಳದ್ದಿ ತಾನು ನೆಕ್ಕಿದಳು. ಮತ್ತೆ ಅದ್ದಿ ನನ್ನ ಬಾಯಿಗಿಟ್ಟಳು. ಮತ್ತೊಮ್ಮೆ ಅದ್ದಿ, ಆ ಬೆರಳನ್ನು ತನ್ನ ಪಕ್ಕಕ್ಕೆ, ಗಾಳಿಗೆ, ಚಾಚಿದಳು. ನಾನು ಒಲೆಯ ಕಡೆ ತಿರುಗಿ ಇಲ್ಲದ ಬೂದಿಯನ್ನು ಊದಿದೆ. ಮತ್ತೆ ನೋಡಿದಾಗ ಬೆರಳು ಸ್ವಚ್ಛವಾಗಿತ್ತು. ಅವಳೇ ನೆಕ್ಕಿರಬೇಕು. ನಾನು ಹಾಗೆಂದೇ ತಿಳಿದುಕೊಳ್ಳುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ಕೇಕು ತಟ್ಟೆಯಲ್ಲಿತ್ತು. ವರ್ಷ ತುಂಬದ ಮನೆ ಎಂದು ಆರತಿ ಎತ್ತಲಿಲ್ಲ. ಅಜ್ಜಿ ಕೂಸಿನ ಹಣೆಗೆ ಕುಂಕುಮ ಮಾತ್ರ ಇಟ್ಟಳು. ಈ ಸಲ ಗೋಡೆಯ ಮೇಲೆ ಏನನ್ನೂ ಇಡಲಿಲ್ಲ. ಮೊದಲ ತುಂಡು ವಾರಿಜಾಗೆ.

ಅವಳು ತಿಂದಳು. ಅರ್ಧಕ್ಕೆ ನಿಲ್ಲಿಸುತ್ತಾಳೆಂದು ನಾವು ಉಸಿರು ಹಿಡಿದಿದ್ದೆವು. ನಿಲ್ಲಿಸಲಿಲ್ಲ. ಪಕ್ಕದಲ್ಲಿ ಇಡಲಿಲ್ಲ. ಪೂರ್ತಿ ತಿಂದು, ತಟ್ಟೆಗೆ ಹತ್ತಿದ ಚಾಕಲೇಟನ್ನು ಬೆರಳಿಂದ ಒರೆಸಿ ತಿಂದು, "ಇನ್ನೊಂದು," ಎಂದಳು. ಅಣ್ಣ ನಕ್ಕುಬಿಟ್ಟ. "ತಿನ್ನು, ನನ್ನವ್ವ. ಎಲ್ಲಾ ನಿಂದ."

ಎರಡನೆಯ ತುಂಡು ಕೈಯಲ್ಲಿತ್ತು. ಅವಳು ತನ್ನ ಪಕ್ಕಕ್ಕೆ ನೋಡಿದಳು. ಇನ್ನೊಂದು ಪಕ್ಕಕ್ಕೆ ನೋಡಿದಳು. ಎದ್ದು ಬಾಗಿಲ ಹಿಂದೆ ಇಣುಕಿದಳು. ತುಟಿಯ ಮೇಲೆ ಚಾಕಲೇಟಿನ ಮೀಸೆ ಹಾಗೇ ಇತ್ತು.

"ಅತ್ಯಾ, ಅವ್ವ ಎಲ್ಲಿ?"

ಮನೆಯಲ್ಲಿ ಆ ಪ್ರಶ್ನೆ ಮೊದಲ ಸಲ ಕೇಳಿಸಿತು.

"ಈಗ ಇಲ್ಲೇ ಇದ್ದಳಲಾ. ಎಲ್ಲಿ ಹೋದಳು?"

"ಬಿಟ್ಟಳು," ಎಂದು ಅಜ್ಜಿ ತನ್ನಷ್ಟಕ್ಕೆ ಅಂದಳು. "ನಮ್ಮ ಕೂಸಿನ್ನ ನಮಗ ಬಿಟ್ಟಳು."

ಆಗ ವಾರಿಜಾ ಅತ್ತಳು. ಆಷಾಢದಲ್ಲಿ ವೈನಿ ಹೋದಾಗಿನಿಂದ ನಾವು ಕಾಯ್ದ ಅಳು ಅದು. ಬಾಯಿ ತೆರೆದು, ಕೇಕು ನೆಲಕ್ಕೆ ಬಿದ್ದು, ಉಸಿರು ಸಿಕ್ಕಿಕೊಳ್ಳುವ ಅಳು. ನಾನು ಎತ್ತಿಕೊಂಡರೆ ಒದ್ದಳು. ಅಜ್ಜಿ ಕರೆದರೆ ಹೋಗಲಿಲ್ಲ. ನಮ್ಮ ಕೂಸು ಬದುಕಿತು ಎಂದು ನನಗೆ ಗೊತ್ತಾಯಿತು. ನಾನು ಬೇಡಿಕೊಂಡದ್ದು ಇದನ್ನೇ. ಆದರೂ ಎದೆಯೊಳಗೆ ಒಂದು ದನಿ, ವೈನಿ, ಇಷ್ಟು ಲಗೂ ಯಾಕ ಹೋದಿ, ಎನ್ನುತ್ತಿತ್ತು. ಇನ್ನೊಂದು ತುಂಡು ತಿನ್ನುವವರೆಗಾದರೂ ಇರಬಾರದಿತ್ತೇ?

ಅಣ್ಣ ಕಂದೀಲು ಹಚ್ಚಿದ. ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹಿತ್ತಲಿಗಿಳಿದ. ಹೇಳಿದರೆ ಅವಳು ನಂಬುವಂತಿರಲಿಲ್ಲ, ತೋರಿಸಲೇಬೇಕಿತ್ತು. ಕರಿಬೇವಿನ ಬುಡಕ್ಕೆ ಬೆಳಕು ಹಿಡಿದ. "ನೋಡು, ಇಲ್ಲಿಲ್ಲ." ಬಚ್ಚಲ ಬಾಗಿಲು ತೆರೆದು ಹಿಡಿದ. "ಇಲ್ಲೂ ಇಲ್ಲ." ಕಟ್ಟಿಗೆಯ ಒಟ್ಟಿಲ ಹಿಂದೆ, ಬಾವಿಯ ಕಟ್ಟೆಯ ಸುತ್ತ, ಒಂದು ಮೂಲೆಯನ್ನೂ ಬಿಡದೆ ಅವರು ಹುಡುಕಿದರು. ಪ್ರತಿ ಸಲವೂ ಅವನ ದನಿ ಇನ್ನಷ್ಟು ಸಣ್ಣದಾಗುತ್ತಿತ್ತು.

ನಾನು ಹೊಸ್ತಿಲಲ್ಲಿ ನಿಂತು ಆ ಕಂದೀಲನ್ನೇ ನೋಡುತ್ತಿದ್ದೆ. ಯಾವುದಾದರೂ ಮೂಲೆಯಲ್ಲಿ ಅದರ ಬೆಳಕು ಒಂದು ಸೀರೆಯ ಅಂಚಿನ ಮೇಲೆ ಬಿದ್ದರೆ ಎಂಬ ಭಯವಿತ್ತು. ಎಲ್ಲಿಯೂ ಬೀಳದೆ ಅವರು ಹಾಗೆಯೇ ಹೊರಳಿ ಬಂದರೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು.