ಚೀಟಿಯಲ್ಲಿ ನೀರು ಎಂದಿತ್ತು

ಬೆಳಿಗ್ಗೆ ಪಿರೋಷ್ಕಾ ಬಾಗಿಲು ತೆಗೆದಾಗ ಪಂಪು ಅರಚುತ್ತಿತ್ತು. ಸೆಗೆದ್ ನಗರದ ಆ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ದುಡಿದವಳಿಗೆ ಒತ್ತಡದ ಅಂಕಿ ನೋಡಬೇಕಾಗಲಿಲ್ಲ, ಸದ್ದಿನಲ್ಲೇ ಅಪಾಯ ಗೊತ್ತಾಯಿತು.

ದ್ರಾವಣದಲ್ಲಿ ಬೆರೆತದ್ದನ್ನು ಬಿಡಿಸುವ ಯಂತ್ರಕ್ಕೆ ಸಿಕ್ಕಿಸಿದ್ದ, ಕಾಲಂ ಎಂಬ ಬೆರಳುದ್ದದ ಉಕ್ಕಿನ ಕೊಳವೆಯಲ್ಲಿ ಅವಳ ಮೂರು ವರ್ಷದ ದುಡಿಮೆ ತುಂಬಿತ್ತು. ಹಿಟ್ಟಿನಷ್ಟು ನುಣ್ಣನೆಯ ಮಣಿಗಳು. ಒಂದೊಂದು ಮಣಿಯೂ ಒಂದು ಕೈಯಲ್ಲಿ ಜಿಡ್ಡನ್ನು, ಇನ್ನೊಂದು ಕೈಯಲ್ಲಿ ವಿದ್ಯುದಂಶವನ್ನು ಹಿಡಿಯುತ್ತಿತ್ತು. ನೋವು ನಿಲ್ಲಿಸುವ ಪೆಪ್ಟೈಡನ್ನೂ ಇಲಿಗಳ ಹೃದಯವನ್ನೇ ನಿಲ್ಲಿಸುವ ಅದರ ಅವಳಿಯನ್ನೂ ಬೇರೆ ಯಾವ ಕಾಲಮ್ಮಿಗೂ ಬಿಡಿಸಲಾಗಿರಲಿಲ್ಲ, ಇದು ಬಿಡಿಸಿತ್ತು. ಹನ್ನೊಂದಕ್ಕೆ ಔಷಧ ಕಂಪನಿಯವರು ಕಣ್ಣಾರೆ ನೋಡಲು ಬರುವವರಿದ್ದರು. ತೋರಿಸದಿದ್ದರೆ ಅವಳ ವಿಭಾಗಕ್ಕೆ ಬೀಗ. ಎರಡನೆಯ ಕಾಲಂ ಇರಲಿಲ್ಲ.

“ಏನೋ ಮಾಡ್ತಿದೀಯ, ದರಿದ್ರದವನೇ?”

ಜೊತೆಯ ಸಂಶೋಧಕ ಬೊತೊಂದ್ ಬಾಯಲ್ಲಿದ್ದ ಬನ್ನು ನುಂಗಿದ. “ನಿಮಗೇ ಅಂತ ರೆಡಿ ಮಾಡ್ತಿದ್ದೆ, ಪಿರಿ ಅಕ್ಕಾ. ಅಸಿಟೋನೈಟ್ರೈಲ್ ದ್ರಾವಕ ಬಿಟ್ಟೆ. ಒತ್ತಡ ಯಾಕೋ ಏರ್ತಾನೇ ಇದೆ.”

“ಉಪ್ಪಿನ ಮೇಲೆ ಬಿಟ್ಯೇನೋ! ಅದ್ರಲ್ಲಿ ಉಪ್ಪು ಕರಗಲ್ಲ, ಒಳಗೆ ಕಲ್ಲು ಕಟ್ಟುತ್ತೆ! ಮೊದ್ಲು ನೀರಲ್ಲಿ ತೊಳೀಬೇಕು ಅನ್ನೋದೂ ತಲೆಗೆ ಹೋಗಲ್ವಾ?”

“ಉಪ್ಪೆಲ್ಲಿತ್ತು? ಚೀಟಿ ನೋಡ್ದೆ. ನೀರು ಅಂತಿದೆ.”

ಕೊನೆಗೆ ಯಾರು ಬಳಸಿದರೋ ಅವರು ಒಳಗೇನಿದೆ ಎಂದು ಚೀಟಿ ಬರೆದು ಕಾಲಮ್ಮಿಗೆ ಕಟ್ಟುವುದು ಅಲ್ಲಿನ ಪದ್ಧತಿ. ಚೀಟಿ ಪಿರೋಷ್ಕಾಳದೇ. ಶುಕ್ರವಾರ ಮೊದಲು ನೀರು ಎಂದು ಚೀಟಿ ಬರೆದು ಕಟ್ಟಿದ್ದಳು, ಒಳಗಿನ ಉಪ್ಪನ್ನು ಆಮೇಲೆ ತೊಳೆಯೋಣವೆಂದು. ಅಷ್ಟರಲ್ಲಿ ಫೋನು ಬಂತು, ಮಾತು ಬೆಳೆಯಿತು, ತೊಳೆಯುವುದು ಮರೆತು ಯಂತ್ರ ಆರಿಸಿ ಮನೆಗೆ ಹೋದಳು. ಎಲ್ಲವೂ ಆ ಕ್ಷಣಕ್ಕೆ ನೆನಪಾಯಿತು.

ಕೊಳವೆಯ ತುದಿ ಸಿಡಿಯಿತು. ಬಿಳಿ ಕೆಸರು ಗೋಡೆಗೆ ರಪ್ಪೆಂದು ಬಡಿಯಿತು.

ಪಂಪು ಆರಿಸಲು ಬೊತೊಂದ್ ಕೈ ಚಾಚಿದ. ಪಿರೋಷ್ಕಾ ಮೇಜಿನ ಮೇಲಿದ್ದ ಸ್ಪ್ಯಾನರ್ ಎತ್ತಿ ಆ ಕೈಗೇ ಹೊಡೆದಳು. ಮೂಳೆ ಲಟಕ್ಕೆಂದಿತು. ಅವನು ಚೀರಿಕೊಂಡು ಇನ್ನೊಂದು ಕೈಯಿಂದ ಅವಳನ್ನು ನೂಕಿದ. ಕಬ್ಬಿಣದ ಬೀರುವಿಗೆ ಮುಖ ಅಪ್ಪಳಿಸಿ ಅವಳ ಹಲ್ಲು ಮುರಿಯಿತು.

“ಹುಚ್ಚು ಹಿಡಿದಿದ್ಯಾ ನಿಮ್ಗೆ? ಅದು ನಿಮ್ಮ ಅಕ್ಷರ! ಇಷ್ಟು ವರ್ಷದಲ್ಲಿ ನಿಮ್ಮ ಚೀಟೀನ ಒಂದು ಸಲಾನೂ ಅನುಮಾನ ಪಟ್ಟಿಲ್ಲ ನಾನು!”

ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಮೊದಲ ಏಟು ಕಾಲಂ ಹಾಳಾದ ಸಂಕಟಕ್ಕೆ ಬಿದ್ದದ್ದು. ಎರಡನೆಯದು ಅವನು ನಿಜ ಹೇಳಿದ್ದಕ್ಕೆ. ಕೈ ಎತ್ತುವಾಗಲೇ ನಾಚಿಕೆಯಿಂದ ಸಾಯುವಂತಾಗಿತ್ತು, ಆದರೂ ಅವನ ಹೆಗಲಿಗೆ ಹೊಡೆದಳು. ಅವನು ಹೆಗಲು ಹಿಡಿದುಕೊಂಡು, ಮೇಜಿನ ಗಾಜಿನ ಸೀಸೆಗಳನ್ನು ಉರುಳಿಸಿ, ಅವುಗಳ ಚೂರುಗಳ ಮೇಲೆ ಕುಸಿದ.

ಸದ್ದು ಕೇಳಿ ನಿರ್ದೇಶಕ ಲೋರಾಂದ್ ಓಡಿ ಬಂದರು.

“ಅಯ್ಯೋ ದೇವರೇ! ಯಾರು ಹೊಡೆದಿದ್ದು?”

“ನಾನು. ಮೊದ್ಲು ಆಂಬುಲೆನ್ಸ್ ಕರೀರಿ.”

“ಅಂಥದ್ದೇನು ಮಾಡ್ದ ಅವ್ನು?”

ಪಿರೋಷ್ಕಾ ಬಾಯಲ್ಲಿದ್ದ ರಕ್ತ ಉಗಿದಳು.

“ನಾನು ಬರೆದಿದ್ದನ್ನ ನಂಬ್ದ.”