ಇಡ್ಲಿ ಹೊತ್ತಿನ ಪರೀಕ್ಷೆ

ಬರೋಡಾದ ಫತೇಗಂಜಿನ ಉಡುಪಿ ಹೋಟೆಲಿನಲ್ಲಿ ಅಡುಗೆಭಟ್ಟ ದಾಮೋದರ ಒಂದೇ ತಿಂಗಳಲ್ಲಿ ಮೂರು ಸಲ ಸಾಂಬಾರಿನ ಪಾತ್ರೆಗೆ ಎಡವಿದ. ಇವನು ಕದ್ದು ಕುಡಿಯುತ್ತಾನೆಂದು ಮಾಲೀಕ ಪದ್ಮನಾಭ ರಾಯರು ತೀರ್ಮಾನಿಸಿಬಿಟ್ಟರು. ಗುಜರಾತಿನಲ್ಲಿ ಹೆಂಡ ಸಿಗುವುದಿಲ್ಲ ಎನ್ನುವುದು ಕಾನೂನಿಗಷ್ಟೇ ಗೊತ್ತಿದ್ದ ಸಂಗತಿ. ಪಾಪ, ದಾಮೋದರ ಅದನ್ನು ಮೂಸಿಯೂ ನೋಡಿದವನಲ್ಲ. ಆಣೆ ಪ್ರಮಾಣವೆಲ್ಲ ಮುಗಿದ ಮೇಲೆ ರಾಯರು ಅವನನ್ನು ಕಣ್ಣಿನ ಆಸ್ಪತ್ರೆಗೆ ಅಟ್ಟಿದರು.

ಅಲ್ಲಿ ಕಿರಿಯ ವೈದ್ಯೆ ಜಯಂತಿ ಇದ್ದಳು. ಬರೋಡಾದಲ್ಲೇ ನೆಲೆಸಿದ್ದ ಮಂಗಳೂರು ಕಡೆಯ ರೈಲ್ವೆ ಗುಮಾಸ್ತರ ಮಗಳು, ಮಹಾ ಹಟಮಾರಿ. ದಾಮೋದರ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಪಟಪಟನೆ ಓದಿದ. ಆದರೂ ಅವಳು ಬಿಡಲಿಲ್ಲ. ಕತ್ತಲೆ ಕೋಣೆಯಲ್ಲಿ ಕೂರಿಸಿ, ಪುಟ್ಟ ದೀಪದ ಉಪಕರಣ ಹಿಡಿದು ಕಣ್ಣಿನ ಹಿಂಪರದೆಯನ್ನು ಇಣುಕಿದಳು. ನರ ಬಂದು ಸೇರುವ ದುಂಡನೆಯ ಜಾಗದ ನಡುವೆ ಒಂದು ಸಣ್ಣ ಗುಳಿ ಇರಬೇಕು. ಇಲ್ಲಿ ಆ ಗುಳಿ ಅಂಚಿನ ತನಕ ಹರಡಿತ್ತು, ಉಳಿದ ನರ ಬಿಳಿಚಿಕೊಂಡಿತ್ತು. ಕಣ್ಣೊಳಗಿನ ಒತ್ತಡ ನರವನ್ನು ಕೊಲ್ಲುತ್ತಿದೆ. ಮೊದಲು ಬದಿಯ ನೋಟ ಹೋಗುತ್ತದೆ, ಹೀಗೇ ಬಿಟ್ಟರೆ ಆಮೇಲೆ ಪೂರ್ತಿ ಕುರುಡು.

ಆಸ್ಪತ್ರೆಯ ದೊಡ್ಡ ಡಾಕ್ಟರು ಮೂರು ದಿನ ಒತ್ತಡ ಅಳೆಸಿದರು. ಮೂರು ದಿನವೂ ಸರಿಯಾಗಿಯೇ ಇತ್ತು. ಬದಿಯ ನೋಟದ ಪರೀಕ್ಷೆಯಲ್ಲಿ ದಾಮೋದರ ಅರ್ಧಕ್ಕರ್ಧ ತಪ್ಪಿದ್ದಕ್ಕೆ, “ಅಡುಗೆಯವನಿಗೆ ಪರೀಕ್ಷೆ ಅರ್ಥವಾಗಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಗುಳಿ ದೊಡ್ಡದಿರುತ್ತದೆ. ಕಳಿಸಿಬಿಡಿ,” ಎಂದರು. ಜಯಂತಿಗೆ ಮೈಯೆಲ್ಲ ಉರಿಯಿತು.

“ದಾಮೋದರಣ್ಣ, ನೀವು ಯಾವಾಗಲೂ ಮಧ್ಯಾಹ್ನವೇ ಬರುದು ಯಾಕೆ?”

“ಬೆಳಿಗ್ಗೆ ಹೇಗೆ ಬರುದು ಡಾಕ್ಟ್ರಮ್ಮ? ಇಡ್ಲಿ ದೋಸೆ ಮುಗಿಯದೆ ರಾಯರು ಬಿಡುದುಂಟಾ?”

ಜಯಂತಿ ಕುರ್ಚಿ ಬಿಟ್ಟು ಎದ್ದೇಬಿಟ್ಟಳು. ಕೆಲವರಿಗೆ ಈ ಒತ್ತಡ ನಸುಕಿನಲ್ಲಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಅದು ಇಳಿದ ಮೇಲೆಯೇ ಎಲ್ಲರೂ ಅಳೆಯುತ್ತಿದ್ದರು!

ಮರುದಿನ ಬೆಳಗಿನ ಐದಕ್ಕೆ ಅವಳು ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಟೆಲಿಗೆ ನುಗ್ಗಿದಳು. ದಾಮೋದರನನ್ನು ಗಿರಾಕಿಗಳ ಬೆಂಚಿನ ಮೇಲೆ ಮಲಗಿಸಿದಳು.

“ಇಡ್ಲಿ ಹೊತ್ತಿನಲ್ಲಿ ಎಂತ ಇದು ಮಾರಾಯ್ತಿ!” ಎಂದು ರಾಯರು ಬೊಬ್ಬೆ ಹಾಕಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು ಒತ್ತಡ ಅಳೆಯುವ ಉಪಕರಣವನ್ನು ಅದರ ಮೇಲೆ ಮೆಲ್ಲನೆ ಇಟ್ಟಳು. ಕಣ್ಣು ಬಿಗಿಯಾಗಿದ್ದಷ್ಟೂ ಉಪಕರಣದ ಮುಳ್ಳು ಕಡಿಮೆ ಸರಿಯುತ್ತದೆ. ಇಲ್ಲಿ ಮಿಸುಕಲೇ ಇಲ್ಲ. ಜಯಂತಿಗೆ ಸಂತೋಷಕ್ಕೆ ಕುಣಿಯಬೇಕೆನಿಸಿತು. ಮರುಕ್ಷಣವೇ, ರೋಗ ಸಿಕ್ಕಿತೆಂದು ಹಿಗ್ಗುವುದೇ ಎಂದು ತನ್ನ ಮೇಲೆ ತನಗೇ ನಾಚಿಕೆಯಾಯಿತು.

ದೊಡ್ಡ ಡಾಕ್ಟರು ಹಾಸಿಗೆ ಬಿಟ್ಟು ಏಳುವಷ್ಟರಲ್ಲಿ ದಾಮೋದರನನ್ನು ಹೊತ್ತ ಟಾಂಗಾ ಅವರ ಮನೆ ಬಾಗಿಲಲ್ಲಿತ್ತು. ಅವರು ತಾವೇ ಅಳೆದರು. ಆಮೇಲೆ ಬಗ್ಗಿ ಕಣ್ಣಿನ ಹಿಂಪರದೆಯನ್ನು ಬಹಳ ಹೊತ್ತು ನೋಡಿದರು. ಅಂದು ಆಸ್ಪತ್ರೆಯಲ್ಲಿ ಎಲ್ಲರ ಎದುರಿಗೆ ಹೇಳಿದರು: “ತಪ್ಪು ನನ್ನದು. ಈ ಹುಡುಗಿ ನರವನ್ನು ನಂಬಿದಳು, ನಾನು ಗಡಿಯಾರವನ್ನೇ ನೋಡಲಿಲ್ಲ.” ಫತೇಗಂಜಿನ ಕಾಲೇಜು ಹುಡುಗರು ಆ ದಿನ ಇಡ್ಲಿಯಿಲ್ಲದೆ ಗೊಣಗುತ್ತ ಕ್ಲಾಸಿಗೆ ಹೋದರು.

ಒಂದು ವರ್ಷ ದಾಮೋದರ ತಪ್ಪದೆ ಕಣ್ಣಿಗೆ ಒತ್ತಡ ಇಳಿಸುವ ಹನಿ ಹಾಕಿಕೊಂಡ. ಬದಿಯ ನೋಟದ ಹೊಸ ನಕ್ಷೆಯನ್ನು ಹಳೆಯದರ ಮೇಲಿಟ್ಟು ಜಯಂತಿ ಬೆಳಕಿಗೆ ಹಿಡಿದಳು. ಎರಡರ ಗೆರೆಯೂ ಒಂದೇ.

“ಹೋದದ್ದು ಬಂತಾ ಡಾಕ್ಟ್ರಮ್ಮ?”

“ಅದು ಬರುದಿಲ್ಲ ದಾಮೋದರಣ್ಣ. ಆದ್ರೆ ಇದ್ದದ್ದರಲ್ಲಿ ಕೂದಲೆಳೆಯಷ್ಟೂ ಹೋಗ್ಲಿಲ್ಲ!” ಎಂದವಳೇ ಹೊರಗೆ ಸಾಲು ನಿಂತ ರೋಗಿಗಳೆಲ್ಲ ತಿರುಗಿ ನೋಡುವಂತೆ ಜೋರಾಗಿ ನಕ್ಕಳು.